ಮಾರಿದ ಎತ್ತಿನ ಕ್ಷೇಮಸಮಾಚಾರ

ಬಬಲೇಶ್ವರದ ಕಡೆಯ ಆ ಹಳ್ಳಿಯಿಂದ ಉಡುಪಿಗೆ ಮರಳಿದ ಮೇಲೂ ನನ್ನನ್ನು ಬಿಡದೆ ಕಾಡುತ್ತಿರುವುದು ಒಂದು ಇನ್‌ಲ್ಯಾಂಡ್ ಪತ್ರದ ನಡುವಿನ ನಾಲ್ಕು ಸಾಲು. ಅದನ್ನು ಬರೆಸಿದವರು ಈಗಿಲ್ಲ. ಅಂದು ಅದನ್ನು ಓದಿ ಹೇಳಿದ ಮಾಸ್ತರೂ ಇಲ್ಲ. ಕೇಳಬೇಕಾದವರು ಮಾತ್ರ ಇದ್ದಾರೆ, ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತ.

ನಾನು ಹೊರಟದ್ದು ಬೇರೆಯೇ ಪತ್ರಗಳ ಜಾಡು ಹಿಡಿದು. ನಮ್ಮ ಕರಾವಳಿಯವರಿಗೆ ಬಾಸೆಲ್ ಮಿಷನ್ ಎಂದರೆ ಹಂಚಿನ ಕಾರ್ಖಾನೆ, ಅಚ್ಚುಕೂಟ, ಕಿಟೆಲ್ಲರ ನಿಘಂಟು. 1834ರಲ್ಲಿ ಮಂಗಳೂರಿಗೆ ಬಂದ ಆ ಪಾದ್ರಿಗಳು ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿ ನೆಲೆಯೂರಿ, 1885ರಲ್ಲಿ ವಿಜಯಪುರದಲ್ಲೂ ಕೇಂದ್ರ ತೆರೆದರು. ಅವರ ಶಾಲೆ, ಕೈಗಾರಿಕೆ, ಮತಪ್ರಚಾರದ ಬಗ್ಗೆ ಬೇಕಾದಷ್ಟು ಬರವಣಿಗೆ ಇದೆ. ನನ್ನನ್ನು ಹಿಡಿದದ್ದು ಅವರ ಮನೆಗಳ ಒಳಗಿನ ಸಂಗತಿ. ಮದುವೆಯಾಗಲು ಅವರು ಬಾಸೆಲ್‌ನ ಸಮಿತಿಗೆ ಪತ್ರ ಬರೆದು ಅಪ್ಪಣೆ ಕೇಳಬೇಕಿತ್ತು. ಸಮಿತಿ ಒಪ್ಪಿದರೆ, ಎಷ್ಟೋ ಸಲ ವರನ ಮುಖವನ್ನೇ ನೋಡದ ಹುಡುಗಿ ಹಡಗು ಹತ್ತುತ್ತಿದ್ದಳು. ಹುಟ್ಟಿದ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ ಅವರನ್ನು ಯುರೋಪಿಗೆ ಕಳಿಸಬೇಕು. 1853ರಲ್ಲಿ ಬಾಸೆಲ್‌ನಲ್ಲಿ ಇದಕ್ಕೆಂದೇ ಮಕ್ಕಳ ಮನೆ ಶುರುವಾಯಿತು. ಮುಂದೆ ಅಪ್ಪ ಅಮ್ಮ ಎಂದರೆ ಕಾಗದ. ಮಲಯಾಳಂ ನಿಘಂಟಿನ ಹರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ಇನ್ನೂ ಮೂರ್ನಾಲ್ಕು ವರ್ಷದ ಕೂಸಾಗಿದ್ದಾಗ ಅವಳನ್ನು ಯುರೋಪಿನಲ್ಲಿ ಬಿಟ್ಟು ತಾಯಿತಂದೆ ಮರಳಿ ಬಂದರು. ಅವಳು ಮತ್ತೆ ಇಂಡಿಯಾ ನೋಡಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಕಾದಂಬರಿಕಾರ ಹರ್ಮನ್ ಹೆಸ್ಸೆಯ ತಾಯಿ ಇವಳೇ.

ಅದೇ ಕಾಲಕ್ಕೆ ಅಮೆರಿಕದ ಯೂಟಾದಲ್ಲಿ ಮಾರ್ಮನ್ ಪಂಥದ ಮನೆಗಳಲ್ಲೂ ಇಂಥದ್ದೇ ನಡೆದಿತ್ತು. ಸಭೆ ಕರೆದರೆ ಗಂಡ ಹೊಲ ಮನೆ ಬಿಟ್ಟು ವರ್ಷಗಟ್ಟಲೆ ಮತಪ್ರಚಾರಕ್ಕೆ ಹೋಗುತ್ತಿದ್ದ. 1850ರ ದಶಕದಲ್ಲಿ ಅವರಲ್ಲಿ ಕೆಲವರು ಮುಂಬಯಿ, ಪುಣೆಯವರೆಗೂ ಬಂದಿದ್ದರು. ಹೆಂಡತಿ ಅಲ್ಲಿ ದನ ಕಾಯುತ್ತ, ಮಕ್ಕಳನ್ನು ಸಾಕುತ್ತ, ರಾತ್ರಿ ದೀಪದ ಬುಡದಲ್ಲಿ ಕೂತು ಬರೆಯುತ್ತಿದ್ದಳು. ಈ ಪತ್ರಗಳನ್ನೆಲ್ಲ ಓದುತ್ತಿದ್ದಾಗ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿತು. ಈ ಹೆಂಗಸರ ಕೈಯಲ್ಲಿ ಅಕ್ಷರವಿತ್ತು, ಆದ್ದರಿಂದ ಅವರ ಸಂಕಟ ನೂರೈವತ್ತು ವರ್ಷ ದಾಟಿ ನನ್ನ ಕೈಗೆ ಬಂತು. ಅಕ್ಷರವಿಲ್ಲದೆ ಅಗಲಿದವರು ಏನು ಮಾಡಿದರು?

ಇದರ ಉತ್ತರ ನಮ್ಮ ಬೀದಿಯಲ್ಲೇ ಇತ್ತು. ಉಡುಪಿ, ಮಣಿಪಾಲದ ವೃತ್ತಗಳಲ್ಲಿ ಬೆಳಗ್ಗೆ ಏಳಕ್ಕೆ ಬುತ್ತಿಯ ಡಬ್ಬಿ ಹಿಡಿದು ಕೂಲಿಗಾಗಿ ನಿಲ್ಲುವವರಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆಯ ಕಡೆಯವರು. ನಮ್ಮ ಮನೆಯ ಹಿಂದೆ ಕಟ್ಟಡದ ಕೆಲಸಕ್ಕೆ ಬರುವ ಒಬ್ಬ ಹೆಣ್ಣುಮಗಳಿಗೆ ನಾನು ಅವಳ ಸೀಮೆಗೆ ಹೊರಟದ್ದು ಗೊತ್ತಾದದ್ದೇ ತಡ, ಅರಿವೆಯಲ್ಲಿ ಕಟ್ಟಿದ ಗಂಟೊಂದನ್ನು ತಂದಿಟ್ಟಳು. ನಾಲ್ಕು ತೆಂಗಿನಕಾಯಿ, ಒಂದು ಸೀರೆ. ಅವ್ವನಿಗೆ ಕೊಡಬೇಕು. "ಫೋನ್ ಐತ್ರಿ, ದಿನಾ ಮಾತಾಡ್ತೀನಿ. ಆದ್ರ ಟೆಂಗಿನಕಾಯಿ ಫೋನ್‌ನ್ಯಾಗ ಹೊಕ್ಕಾವೇನ್ರಿ ಅಕ್ಕಾರ?" ಎಂದಳು. ಹೀಗೆ ನಾನೂ ಒಂದು ಸುದ್ದಿ ಹೊತ್ತವಳಾಗಿ ಮಂಗಳೂರಿನಿಂದ ವಿಜಯಪುರಕ್ಕೆ ಹೋಗುವ ರೈಲು ಹತ್ತಿದೆ. ಆ ರೈಲಿನ ಜನರಲ್ ಬೋಗಿಯ ತುಂಬ ಅವಳಂಥವರೇ. ಸಿಮೆಂಟಿನ ಚೀಲಗಳನ್ನು ತೊಳೆದು ಹೊಲಿದ ಕೈಚೀಲ, ಮಕ್ಕಳಿಗೆ ಕೊಂಡ ಪ್ಲಾಸ್ಟಿಕ್ ಲಾರಿ, ಕಾಲು ಚಾಚಲೂ ಜಾಗವಿಲ್ಲದ ನಿದ್ದೆ.

ಬೆಳಕು ಹರಿದಾಗ ಕಿಟಕಿಯ ಹೊರಗೆ ಮರಗಳೇ ಇರಲಿಲ್ಲ. ಹತ್ತು ಹೆಜ್ಜೆಗೊಂದು ಮನೆ, ಮನೆಗೊಂದು ಬಾವಿ ಇರುವ ಊರಿನಿಂದ ಬಂದ ಕಣ್ಣಿಗೆ ಅಷ್ಟು ದೂರ ಅಡ್ಡಿಯಿಲ್ಲದೆ ನೋಡುವುದು ಮೊದಮೊದಲು ಕಷ್ಟವಾಯಿತು. ಕಪ್ಪು ಎರಿ ಭೂಮಿ, ಅದರ ಮೇಲೆ ತೆನೆ ಬಾಗಿದ ಬಿಳಿಜೋಳ, ನಡುನಡುವೆ ಕಡಲೆ, ಕುಸುಬೆ. ಮಳೆ ಬಂದರೆ ಈ ಮಣ್ಣಿನಷ್ಟು ಕೊಡುವ ಮಣ್ಣು ಬೇರೆ ಇಲ್ಲ. ಬಾರದಿದ್ದರೆ ಕೈ ಹೋಗುವಷ್ಟು ಬಿರುಕು. 1876ರಿಂದ 78ರವರೆಗಿನ ಬರದಲ್ಲಿ, ಆಗ ಕಲಾದಗಿ ಜಿಲ್ಲೆ ಎನ್ನುತ್ತಿದ್ದ ಈ ಸೀಮೆ ಎಷ್ಟು ಬರಿದಾಯಿತೆಂದರೆ, 1872ರಲ್ಲಿ ಎಂಟು ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯಲ್ಲಿ ಆರೂವರೆ ಲಕ್ಷದ ಕೆಳಗಿಳಿದಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. ಆ ಬರದ ನಂತರ, 1884ರಲ್ಲಿ, ಹೊಟಗಿಯಿಂದ ಗದಗಿಗೆ ರೈಲು ಬಂತು. ಧಾನ್ಯ ತರಲೆಂದು ಹಾಕಿದ ಹಳಿ ಮನುಷ್ಯರನ್ನೂ ಒಯ್ಯತೊಡಗಿತು, ಮೊದಲು ಸೊಲ್ಲಾಪುರದ ಗಿರಣಿಗಳಿಗೆ, ಆಮೇಲೆ ಮುಂಬಯಿಗೆ. ಪೋಸ್ಟ್‌ಕಾರ್ಡು 1879ರಲ್ಲಿ, ಮನಿಆರ್ಡರು 1880ರಲ್ಲಿ ಶುರುವಾದವು. ಬರ, ಕಾರ್ಡು, ಮನಿಆರ್ಡರು, ರೈಲು ಹೀಗೆ ಒಂದರ ಬೆನ್ನಿಗೊಂದು ಬಂದದ್ದನ್ನು ಯೋಚಿಸುತ್ತ ನಿಲ್ದಾಣದಲ್ಲಿ ಇಳಿದೆ. ಎದುರಿಗೇ ಗೋಳಗುಮ್ಮಟ.

ಗುಮ್ಮಟದ ಬಗ್ಗೆ ಬರೆಯಲು ಹೊರಟರೆ ಮುಗಿಯದು. ಒಂದು ಮಾತು ಮಾತ್ರ ಹೇಳುತ್ತೇನೆ. 1949ರ ಆಗಸ್ಟ್ 15ರಂದು ಸ್ವತಂತ್ರ ಭಾರತ ಹೊರತಂದ ಅಂಚೆಚೀಟಿ ಸರಣಿಯಲ್ಲಿ ಆರಾಣೆಯ ಚೀಟಿಯ ಮೇಲಿದ್ದದ್ದು ಇದೇ ಗುಮ್ಮಟ. ದೇಶದ ಯಾವುದೋ ಮೂಲೆಯಲ್ಲಿ ಲಕೋಟೆಯ ಮೇಲೆ ಅದನ್ನು ನೋಡಿ ಊರು ನೆನೆದು ಗಂಟಲು ಕಟ್ಟಿದ ವಿಜಯಪುರದವನೊಬ್ಬ ಇದ್ದೇ ಇರಬೇಕು. ಆರಾಣೆ ಅಂದಿಗೆ ಬಡವರು ಖರ್ಚು ಮಾಡುವ ಅಂಚೆ ಅಲ್ಲ ಎಂಬುದೂ ನಿಜ. ಅವರದ್ದೇನಿದ್ದರೂ ಕಾರ್ಡು, 1950ರ ನಂತರ ಇನ್‌ಲ್ಯಾಂಡು.

ಮಿಷನ್ನಿನ ನೆನಪನ್ನು ಹುಡುಕಿ ಇಗರ್ಜಿಯ ಅಂಗಳದಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಬೇವಿನ ಮರ, ಗುಡಿಸಿಟ್ಟ ನೆಲ, ಹಾಡು ಕಲಿಯುತ್ತಿದ್ದ ಹುಡುಗಿಯರು. ಅಗಲಿದ ಮಕ್ಕಳಿಗೆ ತಾಯಂದಿರು ಬರೆದ ಪತ್ರಗಳು ಇಲ್ಲಿಲ್ಲ, ಬಾಸೆಲ್‌ನ ದಾಖಲೆ ಸಂಗ್ರಹದಲ್ಲಿ ಭದ್ರವಾಗಿವೆ. ಅಲ್ಲಿಂದ ಎದ್ದು ಜ್ಞಾನಯೋಗಾಶ್ರಮಕ್ಕೆ ಹೋದೆ. ಅಲ್ಲಿಯೂ ನನ್ನ ಮನಸ್ಸಿನಲ್ಲಿದ್ದದ್ದು ಒಂದು ಪತ್ರವೇ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು 2014ರ ಗುರುಪೂರ್ಣಿಮೆಯ ದಿನ ತಮ್ಮ ಕೊನೆಯ ಅಭಿವಂದನ ಪತ್ರ ಬರೆದಿಟ್ಟಿದ್ದರು. ದೇಹವನ್ನು ಮಣ್ಣಿನಲ್ಲಿಡದೆ ಅಗ್ನಿಗೆ ಕೊಡಿ, ಚಿತಾಭಸ್ಮವನ್ನು ನದಿಗೋ ಸಾಗರಕ್ಕೋ ಬಿಡಿ, ಸ್ಮಾರಕ ಬೇಡ ಎಂಬುದು ಅದರ ಸಾರ. 2023ರ ಜನವರಿ 2ರಂದು ಅವರು ಹೋದ ಮೇಲೆ ನಾಡೆಲ್ಲ ಅದನ್ನು ಓದಿತು. ಯಾರ ಮನೆಯವರೂ ಅಲ್ಲದ ಮನುಷ್ಯ, ತಾನಿಲ್ಲದ ದಿನಕ್ಕೆಂದು ಎಂಟು ವರ್ಷ ಮೊದಲೇ ಬರೆದ ಪತ್ರ. ಪ್ರಾಂಗಣದಲ್ಲಿ ಒಬ್ಬ ರೈತ ಅದನ್ನು ನೆನೆಸಿಕೊಂಡು, "ನಾವು ಅಳೋದು ಗೊತ್ತಿತ್ತಲ್ರಿ ಅಪ್ಪಾವ್ರಿಗೆ, ಅದಕ್ಕ ಮದ್ಲ ಸಮಾಧಾನ ಮಾಡಿ ಇಟ್ರು" ಎಂದ.

ಆದರೆ ಈ ಊರಿನಲ್ಲಿ ನನಗೆ ಅತ್ಯಂತ ಹಿಡಿಸಿದ ಪತ್ರವ್ಯವಹಾರ ಕಂಡದ್ದು ಬಸ್ ನಿಲ್ದಾಣದಲ್ಲಿ. ಬೆಳಗಿನ ಹೊತ್ತು ಹಳ್ಳಿಯ ಬಸ್ಸುಗಳು ಬರುವಲ್ಲಿ ಕಾಲೇಜು ಹುಡುಗರ ಗುಂಪು. ಬಸ್ ನಿಂತ ಕೂಡಲೇ ಡ್ರೈವರನ ಪಕ್ಕದಿಂದ, ಬಾನೆಟ್ಟಿನ ಮೇಲಿಂದ ಬುತ್ತಿಯ ಡಬ್ಬಿಗಳು ಒಂದೊಂದಾಗಿ ಇಳಿಯುತ್ತವೆ. ಬಾಡಿಗೆ ಕೋಣೆಯಲ್ಲಿದ್ದು ಓದುವ ಮಕ್ಕಳಿಗೆ ಅವ್ವ ನಸುಕಿನಲ್ಲೆದ್ದು ಬಡಿದು ಕಳಿಸಿದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಗುರೆಳ್ಳಿನ ಚಟ್ನಿ. ಬಟ್ಟೆಯ ಮೇಲೆ ಹೊಲಿದ ಹೆಸರೋ, ಬಣ್ಣದ ದಾರವೋ ಗುರುತು. ಸಂಜೆ ಖಾಲಿ ಡಬ್ಬಿ ಅದೇ ಬಸ್ಸಿನಲ್ಲಿ ಊರಿಗೆ. ಒಬ್ಬ ಹುಡುಗ ಮುಚ್ಚಳ ತೆಗೆದು, ಎರಡು ರೊಟ್ಟಿ ನನಗೆ ಕೊಟ್ಟೇ ಬಿಟ್ಟ. ಡಬ್ಬಿ ಪೂರ್ತಿ ಖಾಲಿಯಾಗಿ ಹೋಗದಿದ್ದರೆ ರಾತ್ರಿಯೇ ಮನೆಯಿಂದ ಫೋನ್ ಬರುತ್ತದಂತೆ: ಯಾಕೆ ಉಣ್ಣಲಿಲ್ಲ, ಮೈಗೆ ಹುಷಾರಿಲ್ಲವೇನು. ಉಳಿದ ಅರ್ಧ ರೊಟ್ಟಿಯನ್ನು ಓದಬಲ್ಲ ತಾಯಂದಿರು ಇವರು.

ತಿಕೋಟಾದ ದಾರಿಯಲ್ಲಿ ಮೊದಲು ಸಿಗುವುದು ತೊರವಿ. ಕುಮಾರವಾಲ್ಮೀಕಿ ತೊರವೆ ರಾಮಾಯಣ ಬರೆದು ನರಸಿಂಹನಿಗೆ ಒಪ್ಪಿಸಿದ ಊರು. ಈಗ ಊರ ಹತ್ತಿರವೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಕಟ್ಟಡಗಳಿವೆ. ದೇವಸ್ಥಾನದ ತಂಪಿನಲ್ಲಿ ಕೂತಾಗ ರಾಮಾಯಣವೂ ಒಂದು ಸುದ್ದಿ ಮುಟ್ಟಿಸುವ ಕಥೆ ಎಂಬುದು ಹೊಸದಾಗಿ ಹೊಳೆಯಿತು. ರಾಮ ಸೀತೆ ಇಬ್ಬರೂ ವಿದ್ಯಾವಂತರು, ಆದರೂ ಅವರ ನಡುವೆ ಮೂರನೆಯವನೊಬ್ಬ ಬೇಕಾಯಿತು. ಉಂಗುರ, ಚೂಡಾಮಣಿ ಹನುಮಂತನ ಕೈಯಲ್ಲಿ ಆಚೀಚೆ ಹೋದವು. ಅಷ್ಟೇ ಸಾಲದೆಂದು ವಾಲ್ಮೀಕಿಯ ಸೀತೆ, ತನಗೆ ರಾಮನಿಗೆ ಇಬ್ಬರಿಗೇ ಗೊತ್ತಿದ್ದ ಕಾಗೆಯ ಪ್ರಸಂಗವನ್ನು ಹೇಳಿ ಕಳಿಸುತ್ತಾಳೆ. ಹನುಮಂತ ಅದನ್ನು ಹೊತ್ತ. ಆ ನೆನಪಿನೊಳಗಿನ ದಿನ ಮಾತ್ರ ಅವನದ್ದಲ್ಲ. ಈ ಯೋಚನೆ ಮುಂದೆ ಎಲ್ಲಿ ನನಗೆ ಎದುರಾಗುತ್ತದೆಂದು ಆಗ ಗೊತ್ತಿರಲಿಲ್ಲ.

ತಿಕೋಟಾ ದ್ರಾಕ್ಷಿಯ ಸೀಮೆ. ರಸ್ತೆಯ ಎರಡೂ ಬದಿಗೆ ಕಲ್ಲುಕಂಬ, ತಂತಿಯ ಮೇಲೆ ಹಬ್ಬಿದ ಬಳ್ಳಿ, ಅಲ್ಲಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು. ಹಸಿರು ಗೊಂಚಲನ್ನು ದ್ರಾವಣದಲ್ಲಿ ಅದ್ದಿ ನೆರಳಿನಲ್ಲಿ ಬಲೆಯ ಮೇಲೆ ಹರವಿದರೆ ಎರಡು ಮೂರು ವಾರಕ್ಕೆ ಮಣೂಕ ಸಿದ್ಧ. ಕೃಷ್ಣೆಯ ನೀರು ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಈ ಕಡೆಗೂ ಹರಿದ ಮೇಲೆ ಊರಿನಲ್ಲಿ ಉಳಿದವರು ಹೆಚ್ಚಿದ್ದಾರೆ ಎಂದು ಶೆಡ್ಡಿನ ಮಾಲೀಕರು ಹೇಳಿದರು. ಹಿಡಿ ತುಂಬ ಮಣೂಕ ಕೊಟ್ಟು, ಅಗಿಯುತ್ತಿದ್ದ ನನ್ನ ಮುಖವನ್ನೇ ನೋಡುತ್ತ ನಿಂತರು. ಬೆಳೆದವರು ತಿನ್ನುವವರನ್ನು ನೋಡುವ ಆ ನೋಟ ನಮ್ಮ ಕಡೆಯ ಮಲ್ಲಿಗೆ ಬೆಳೆಗಾರರಲ್ಲೂ ಇದೆ.

ಅವರೇ ನನ್ನನ್ನು ನಿವೃತ್ತ ಅಂಚೆಯವರೊಬ್ಬರ ಮನೆಗೆ ಕರೆದೊಯ್ದರು. ಸೈಕಲ್ ಮೇಲೆ ತಾಂಡಾ ತಾಂಡಾ ಸುತ್ತಿದವರು. "ಟಪಾಲ ಕೊಡೋದು ಅರ್ಧ ಕೆಲಸರಿ. ಓದಿ ಹೇಳೋದು ಉಳಿದರ್ಧ. ಅದಕ್ಕ ಪಗಾರ ಇರಲಿಲ್ಲ" ಎಂದರು. ದೀಪಾವಳಿ ಸುತ್ತಮುತ್ತ ತಾಂಡಾಗಳು ಬರಿದಾಗುತ್ತಿದ್ದವು. ಗಂಡ ಹೆಂಡತಿ ಜೋಡಿಯಾಗಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋದರೆ ಮುದುಕರು, ಮಕ್ಕಳು ಉಳಿಯುತ್ತಿದ್ದರು. ಈಗಲೂ ಹೋಗುವವರಿದ್ದಾರೆ. ಕಾರ್ಡು ಓದುವುದಕ್ಕೆ ಅವರದೇ ಕ್ರಮವಿತ್ತು. ಮೊದಲು ಒಮ್ಮೆ ಮನಸ್ಸಿನಲ್ಲಿ ಓದಿಕೊಳ್ಳಬೇಕು. ಸಾವಿನ ಸುದ್ದಿಯಾದರೆ ಹೊಸ್ತಿಲ ಒಳಗೆ ಹೋಗದೆ ಹಿರಿಯರನ್ನು ಹೊರಗೆ ಕರೆದು ಹೇಳಿ, ಕಾರ್ಡನ್ನು ಅಲ್ಲೇ ಹರಿಯಬೇಕು. ಮಗನು ಹೆಂಡತಿಗೆ ಬರೆದ ಮಾತಿದ್ದರೆ ಅತ್ತೆಯೆದುರು ಓದಬಾರದು, ನೀರು ಕೇಳುವ ನೆವದಲ್ಲಿ ಅಡುಗೆಮನೆ ಬಾಗಿಲಿಗೆ ಹೋಗಿ ಎರಡು ಮಾತು ಹೇಳಿ ಬರಬೇಕು. "ಸೊಸಿ ತಂಬಿಗಿ ಕೈಯಾಗ ಕೊಡೂತನಕ ಅಷ್ಟ ಟೈಮು. ಅಷ್ಟರಾಗ ಹೇಳ್ಬೇಕ್ರಿ." ಜನ ಅವರಿಗೆ ಉತ್ತರವನ್ನೂ ಹೇಳಿ ಬರೆಸುತ್ತಿದ್ದರು. ಯಾರದ್ದಾದರೂ ಗುಟ್ಟು ಹೊರಗೆ ಹೋಗಿತ್ತೇ ಎಂದು ಕೇಳಿದೆ. ಅವರ ಹೆಂಡತಿ ಒಳಗಿನಿಂದಲೇ ಉತ್ತರಿಸಿದರು: "ನನಗ ಇಲ್ಲೀತನಕ ಒಂದೂ ಹೇಳಿಲ್ಲ ನೋಡ್ರಿ."

ನಮ್ಮ ಕರಾವಳಿಯೂ ಮನಿಆರ್ಡರಿನ ಮೇಲೆ ಬದುಕಿದ ನೆಲವೇ. ಮುಂಬಯಿಯ ಹೋಟೆಲುಗಳಲ್ಲಿ ತಟ್ಟೆ ತೊಳೆದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಹಿರಿಯರು ಊರಿಗೆ ಬರೆದ ಕಾಗದಗಳ ಕಟ್ಟು ಎಷ್ಟೋ ಮನೆಗಳ ಅಟ್ಟದಲ್ಲಿದೆ. ಆದರೆ ನಮ್ಮಲ್ಲಿ ಶಾಲೆ ಬೇಗ ಬಂತು. ಹೆಂಗಸರು ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾವೇ ಓದಿದರು, ಒಬ್ಬರೇ ಅತ್ತರು. ಇಲ್ಲಿ ಒಬ್ಬರೇ ಅಳುವ ಅನುಕೂಲವೂ ಇರಲಿಲ್ಲ.

ರಾತ್ರಿ ವಿಜಯಪುರದಲ್ಲಿ ಉಳಿದು ಬೆಳಗ್ಗೆ ಬಬಲೇಶ್ವರದ ಬಸ್ ಹಿಡಿದೆ. ಸಾರವಾಡದ ಹತ್ತಿರ ಡೋಣಿ ದಾಟಿದೆವು. ಉಪ್ಪಿನಂಶದ ನೀರಿನ, ನೋಡಲು ಹಳ್ಳದಂತಿರುವ ಈ ನದಿಯ ದಂಡೆಯ ಜೋಳಕ್ಕೆ ಸೀಮೆಯಲ್ಲೆಲ್ಲ ಹೆಸರು. ಡೋಣಿ ತುಂಬಿ ಹರಿದ ವರ್ಷ ಓಣಿಗಳಲ್ಲೆಲ್ಲ ಕಾಳು ಎಂದು ಪಕ್ಕದಲ್ಲಿ ಕೂತ ಕಾಕಾ ಕೈಯೆತ್ತಿ ತೋರಿಸಿದರು. ತೋರಿಸುವಾಗ ದನಿ ಏರಿತ್ತು. ಬಬಲೇಶ್ವರದಲ್ಲಿ ಇಳಿದು, ಸಂತೆಯ ಗದ್ದಲ ದಾಟಿ, ಟಂಟಂ ಹಿಡಿದು ಆ ಹಳ್ಳಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಅಜ್ಜಿ ತೆಂಗಿನಕಾಯಿಗಳನ್ನು ಒಂದೊಂದಾಗಿ ಅಲುಗಿಸಿ ಕಿವಿಗೆ ಹಿಡಿದರು. ನೀರಿನ ಸದ್ದು ಕೇಳಿ ಸಮಾಧಾನವಾದ ಮೇಲೆ ಸೀರೆ ಬಿಚ್ಚಿ ನೋಡಿದರು. "ಮಗಳು ಸೊರಗ್ಯಾಳೇನ ಯವ್ವಾ? ಖರೆ ಹೇಳು." ಚೆನ್ನಾಗಿದ್ದಾಳೆ ಎಂದೆ. "ಎಲ್ಲಾರೂ ಹಂಗ ಅಂತಾರ" ಎಂದು ಎದ್ದು ರೊಟ್ಟಿಗೆ ಹೆಂಚು ಇಟ್ಟರು. ಆ ಮಧ್ಯಾಹ್ನದ ಊಟ ನಾಲಗೆಯ ಮೇಲೆ ಇನ್ನೂ ಇದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆ ಮೊಸರು, ಜೊತೆಗೆ ಹೊಲದಿಂದ ಮೊಮ್ಮಗಳು ತಂದು ಕೆಂಡದಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ಕೊಟ್ಟ ಸೀತನಿ. ಕುಚ್ಚಲಕ್ಕಿಯ ಅನ್ನ ಹೊಟ್ಟೆ ತುಂಬಿಸಿ ಮಲಗಿಸುತ್ತದೆ, ಜೋಳದ ರೊಟ್ಟಿ ಹೊಟ್ಟೆ ತುಂಬಿಸಿ ಎಬ್ಬಿಸುತ್ತದೆ ಎನಿಸಿತು.

ಪತ್ರಗಳ ಬಗ್ಗೆ ನಾನು ಕೇಳಿದ್ದೇ ತಡ, ಟ್ರಂಕ್ ಹೊರಗೆ ಬಂತು. ಗಂಡ ಎಪ್ಪತ್ತೆರಡರ ಬರದಲ್ಲಿ ಮುಂಬಯಿಗೆ ಹೋದವರು. ಊರಲ್ಲಿ ಸರ್ಕಾರದ ಖಡಿ ಒಡೆಯುವ ಕೆಲಸ ಸ್ವಲ್ಪ ಕಾಲ ನಡೆಯಿತು, ಹೊಟ್ಟೆಗೆ ಸಾಲಲಿಲ್ಲ. ಎತ್ತು ಮಾರಿ ರೈಲು ಹತ್ತಿದರು. ಹತ್ತಿಪ್ಪತ್ತು ವರ್ಷ ಅಲ್ಲಿ ಕಟ್ಟಡದ ಕೆಲಸ, ಇಲ್ಲಿ ಇವರು. ಗಂಡನಿಗೂ ಅಕ್ಷರ ಬಾರದು, ಹೆಂಡತಿಗೂ ಬಾರದು. ಅಲ್ಲಿ ಬರೆದುಕೊಟ್ಟವನು ಹೋಟೆಲಿನ ಹುಡುಗ. ಇಲ್ಲಿ ಓದಿ ಹೇಳಿದವರು ಸಾಲಿ ಮಾಸ್ತರು. ನೀಲಿ ಇನ್‌ಲ್ಯಾಂಡುಗಳ ಮಡಿಕೆ ಹರಿದಲ್ಲಿ ಜೋಳದ ಗಂಜಿ ಹಚ್ಚಿ ಅಂಟಿಸಿದ್ದರು. "ಓದು ಯವ್ವಾ, ಕೇಳಿ ಭಾಳ ದಿನ ಆತು."

ನಾನು ಓದತೊಡಗಿದೆ. ಇಲ್ಲಿ ನಾವೆಲ್ಲ ಕ್ಷೇಮ, ಅಲ್ಲಿ ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಪತ್ರ ಬರೆಯುತ್ತಿರಬೇಕು ಎಂಬ ಮಾಮೂಲಿ ಮಾತಿನ ಬಳಿಕ, ಈ ವರ್ಷ ಮುಂಬಯಿಯಲ್ಲಿ ಮಳೆಯ ಕಾಟ ಸಹಿಸಲಾಗದು ಎಂದಿತ್ತು. ಅಜ್ಜಿ ಕೈಯೆತ್ತಿ ತಡೆದರು. "ಅದು ಅವರದಲ್ಲ. ಬರದಾಂವ ಸೇರಸ್ಯಾನ. ನಮ್ಮವರು ಮಳಿಗೆ ಕಾಟ ಅಂತಾರೇನ?" ನಾನು ಮತ್ತೊಮ್ಮೆ ಆ ಅಕ್ಷರಗಳನ್ನು ನೋಡಿದೆ. ದುಂಡಗೆ, ತಿದ್ದಿ ಬರೆದ ಕೈ. ಜೂನ್‌ನಿಂದ ನಾಲ್ಕು ತಿಂಗಳು ಬಟ್ಟೆ ಒಣಗದ ಊರಿನಲ್ಲಿ ಬೆಳೆದವನ ದೂರು ಅದು, ನಮ್ಮ ಕಡೆಯ ಹುಡುಗನದ್ದು. ರಾತ್ರಿಶಾಲೆಯಲ್ಲಿ ಕಲಿತ ಕನ್ನಡದಲ್ಲಿ, ಅಪರಿಚಿತ ಹೆಂಗಸಿಗೆ, ಅವಳ ಗಂಡನ 'ನಾನು' ಆಗಿ ಬರೆಯುತ್ತ ಬರೆಯುತ್ತ ಅವನು ತನ್ನ ಮನೆಗೂ ಒಂದು ಸಾಲು ಬರೆದುಕೊಂಡಿದ್ದ. ಅಜ್ಜಿ ಹೀಗೆ ಸಾಲು ಸಾಲಾಗಿ ಬೇರ್ಪಡಿಸುತ್ತ ಹೋದರು. ಇದು ಅವರದು. ಇದು ಹುಡುಗನದು. ಇದು ಮಾಸ್ತರರು ಓದುವಾಗ ಬೇರೆ ಥರ ಹೇಳಿದ್ದರು. ಐವತ್ತು ವರ್ಷದ ಹಿಂದೆ ಒಮ್ಮೆ ಕೇಳಿದ ಪತ್ರವನ್ನು ಅವರು ಅಕ್ಷರ ಬಲ್ಲ ನನಗಿಂತ ಸರಿಯಾಗಿ ಓದುತ್ತಿದ್ದರು.

ಎಲ್ಲ ಪತ್ರಗಳ ಕೊನೆಗೂ ಒಂದೇ ಪ್ರಶ್ನೆ: ಕರಿ ಎತ್ತಿನ ಕೋಡಿಗೆ ಎಣ್ಣೆ ಹಚ್ಚಿದಿರಾ? "ಎತ್ತು ಮಾರಿದ್ದು ಅವರ ಅಲ್ಲೇನ?" ಎಂದು ನಾನು ಕೇಳಿದೆ. ಅಜ್ಜಿಯ ಮುಖದಲ್ಲಿ ಹದಿನೆಂಟರ ಹುಡುಗಿಯೊಬ್ಬಳು ಬಂದು ಹೋದಳು. "ಮಾಸ್ತರೂ ಹಿಂಗ ಕೇಳತಿದ್ರು. ಎತ್ತ ಇಲ್ಲ, ಎಣ್ಣಿ ಯಾರಿಗೆ ಹಚ್ಚೋದು ಅಂತ. ನಾ ಹೂಂ ಹಚ್ಚೇನಂತ ಬರೀರಿ ಅಂತಿದ್ನಿ. ಅವರು ಬರೀತಿದ್ರು." ಅದರರ್ಥವೇನೆಂದು ನಾನು ಕೇಳಲಿಲ್ಲ. ತೊರವಿಯ ದೇವಸ್ಥಾನದಲ್ಲಿ ನೆನೆದ ಕಾಗೆಯ ಕಥೆ ಇಲ್ಲಿ ಎತ್ತಾಗಿ ನಿಂತಿತ್ತು. ಬರೆದವನಿಗೂ ಓದಿದವರಿಗೂ ತಿಳಿಯದಂತೆ, ಇಬ್ಬರ ಕೈಯನ್ನೂ ದಾಟಿ ಒಂದು ಮಾತು ಪ್ರತಿ ತಿಂಗಳೂ ಮುಂಬಯಿಯಿಂದ ಈ ಕಟ್ಟೆಗೆ ಬಂದು ಮುಟ್ಟಿತ್ತು.

ಮುಂದಿನ ಪತ್ರದಲ್ಲಿ ಆ ನಾಲ್ಕು ಸಾಲು. ಕ್ಷೇಮ ಕೇಳಿದ ನಂತರ, ಪಂಚಮಿಗೆ ಬರಲಾಗುವುದಿಲ್ಲ ಎಂದ ಬಳಿಕ, ಬರಹ ಬೇರೆಯವರ ಕಡೆ ತಿರುಗಿತ್ತು: ಗುರುಗಳೇ, ಮುಂದಿನದ್ದನ್ನು ಮನೆಯವರಿಗೆ ಓದಿ ಹೇಳಬಾರದಾಗಿ ಕೈ ಮುಗಿದು ಕೇಳುತ್ತೇನೆ. ಆಮೇಲೆ, ಮೂರನೆಯ ಅಂತಸ್ತಿನ ಪರಾಂಚಿಯಿಂದ ಬಿದ್ದದ್ದು, ಎಡಗೈ ಮುರಿದದ್ದು, ದವಾಖಾನೆಯಲ್ಲಿ ಮಲಗಿರುವುದು, ಈ ಸಲದ ಹಣ ಗೆಳೆಯರು ಕೂಡಿಸಿ ಕಳಿಸಿದ್ದು.

ನನ್ನ ದನಿ ನಿಂತಿತು. ಮಾಸ್ತರರಿಗೆ ಬಂದಿದ್ದ ವಿನಂತಿ ಈಗ ನನ್ನ ಕೈಯಲ್ಲಿತ್ತು. ಸತ್ತವರು ಕೈ ಮುಗಿದು ಕೇಳಿದ್ದನ್ನು ಮೀರುವ ಹಕ್ಕು ನನಗೆಲ್ಲಿದೆ? ಆದರೆ ಪತ್ರ ಇವರದ್ದು. ಇವರು ಗಂಜಿ ಹಚ್ಚಿ ಕಾಪಾಡಿದ್ದು. "ಯಾಕ ನಿಂತಿ? ಓದು" ಎಂದರು. ನಾನು ಓದಿದೆ.

ಅಜ್ಜಿ ಮೊರದಲ್ಲಿದ್ದ ಜೋಳವನ್ನು ಒಂದು ಸಲ ಕೇರಿ ಕೆಳಗಿಟ್ಟರು. "ಯಾವ ಕೈ ಅಂದಿ?"

"ಎಡಗೈ."

"ಹೌದು. ಬಂದ ಮ್ಯಾಲ ಎಡಗೈಲೆ ಕೊಡ ಎತ್ತತಿದ್ದಿಲ್ಲ. ಚಳಿಗಾಲದಾಗ ತಿಕ್ಕೋತ ಕುಂದ್ರತಿದ್ರು. ವಯಸ್ಸಂತ ತಿಳಿದಿದ್ನಿ." ಸ್ವಲ್ಪ ಹೊತ್ತಿನ ಮೇಲೆ ಅವರೇ ಹೇಳಿದರು: "ಆವತ್ತ ಮಾಸ್ತರ ಓದೂಮುಂದ ನಡುವ ನೀರ ಕೇಳಿದ್ರು. ಕುಡದು ಮುಂದ ಓದಿದ್ರು. ಏನೋ ಬಿಟ್ರು ಅಂತ ಆಗ ತಿಳೀತು. ಕೇಳಲಿಲ್ಲ. ಕೇಳಿದ್ರ ಪಾಪ ಅವರಿಗೆ ಸುಳ್ಳ ಹೇಳಬೇಕಾಗತಿತ್ತು." ಅವರ ಕಣ್ಣಲ್ಲಿ ನೀರಿರಲಿಲ್ಲ. ಮಾಸ್ತರರ ಮೇಲೆ ಸಿಟ್ಟೂ ಇರಲಿಲ್ಲ. "ಭಾಳ ಮಾಯಾ ಇತ್ತು ಆ ಮನಶ್ಯಾಗ" ಎಂದು ಮಾಸ್ತರರನ್ನು ನೆನೆದರು.

ಉಡುಪಿಗೆ ಬಂದ ಮೇಲೆ ನಾನು ಮತ್ತೆ ಮತ್ತೆ ಯೋಚಿಸುವುದು ಆ ಮಾಸ್ತರರ ಬಗ್ಗೆ, ಆ ಹೋಟೆಲಿನ ಹುಡುಗನ ಬಗ್ಗೆ, ತಂಬಿಗೆ ನೀರು ಕೇಳಿದ ತಿಕೋಟಾದ ಅಂಚೆಯವರ ಬಗ್ಗೆ. ಬಾಸೆಲ್‌ನ, ಯೂಟಾದ ಪತ್ರಗಳನ್ನು ಇತಿಹಾಸ ಎಂದು ಕೂಡಿಡುತ್ತೇವೆ, ಏಕೆಂದರೆ ಅವುಗಳಲ್ಲಿ ಬರೆದವರ ಕೈ ಕಾಣುತ್ತದೆ. ಗಂಜಿ ಹಚ್ಚಿದ ಈ ನೀಲಿ ಕಾಗದಗಳನ್ನು ಯಾರೂ ಕೇಳುವುದಿಲ್ಲ. ಕೂಡಿಟ್ಟರೂ ಅವುಗಳ ಅರ್ಧ ಮಾತ್ರ ಸಿಗುತ್ತದೆ. ಯಾವ ಸಾಲು ಗಂಡನದು, ಯಾವುದು ಹುಡುಗನದು, ಎಲ್ಲಿ ಮಾಸ್ತರರು ನೀರು ಕುಡಿದರು ಎಂಬುದು ಕಾಗದದ ಮೇಲಿಲ್ಲ. ಅದು ಆ ಅಜ್ಜಿಯಲ್ಲಿದೆ. ನಮ್ಮ ವಿಶ್ವವಿದ್ಯಾಲಯಗಳು ಈಗಲಾದರೂ ಇಂಥ ಮನೆಗಳಿಗೆ ಹೋಗಬೇಕು, ಪತ್ರದ ಜೊತೆಗೆ ಕೇಳಿದವರ ನೆನಪನ್ನೂ ಬರೆದುಕೊಳ್ಳಬೇಕು. ತಡ ಮಾಡಿದರೆ ಉಳಿಯುವುದು ಕ್ಷೇಮಸಮಾಚಾರ ಮಾತ್ರ. ತೊರವಿಯಿಂದ ಬಬಲೇಶ್ವರ ಏನು ದೂರ!

ಅಂದು ಸಂಜೆ ನಾನು ಹೊರಡುವ ಹೊತ್ತಿಗೆ ಗೋವಾದ ಮಡಗಾಂವದಿಂದ ಇನ್ನೊಬ್ಬ ಮೊಮ್ಮಗನ ವಿಡಿಯೋ ಕರೆ ಬಂತು. ಅಲ್ಲಿ ಅವನದ್ದೂ ಕಟ್ಟಡದ ಕೆಲಸವೇ. ಮೊಮ್ಮಗಳು ಫೋನನ್ನು ಅಜ್ಜಿಯ ಮುಖದ ಹತ್ತಿರ ಹಿಡಿದಳು. ಊಟ ಆಯ್ತಾ, ಕೆಲಸ ಐತಾ, ಹಬ್ಬಕ್ಕೆ ಬರ್ತೀಯಾ. ಎಲ್ಲಕ್ಕೂ ಅವನದು ಒಂದೇ ಉತ್ತರ, ಆರಾಮ ಅದೀನಿ. ಅಜ್ಜಿ ಕಣ್ಣು ಕಿರಿದು ಮಾಡಿ ಪರದೆಯನ್ನು ನೋಡಿದರು.

"ಇಷ್ಟ ಸೆಕಿಯಾಗ ತುಂಬತೋಳಿನ ಅಂಗಿ ಯಾಕ ಹಾಕ್ಕೊಂಡಿ?"

ಅವನು ನಕ್ಕ. "ಸುಮ್ಮ, ಅಮ್ಮಾ."

"ತೋಳ ಏರಿಸು."

"ಏನಿಲ್ಲಬೇ."

"ಏರಿಸಂದ್ರ ಏರಿಸು. ಎರಡೂ."

ಅವನು ತೋಳು ಏರಿಸಿದ. ಮೊಣಕೈಯಿಂದ ಕೆಳಗೆ ಸಿಮೆಂಟು ತಾಗಿ ಸುಲಿದ ಚರ್ಮ, ಒಣಗುತ್ತ ಬಂದಿತ್ತು. ಅಜ್ಜಿ ಫೋನನ್ನು ಮೊಮ್ಮಗಳ ಕೈಯಿಂದ ತೆಗೆದುಕೊಂಡು ಇನ್ನಷ್ಟು ಹತ್ತಿರ ಹಿಡಿದರು.

"ಎಣ್ಣಿ ಹಚ್ಚೀಯೇನ?"